ದನ ನಡೆದ ದಾರಿ, ನಕಾಶೆಯ ಚುಕ್ಕೆ

ಲಕ್ಷ್ಮಣತೀರ್ಥದ ದಡದಲ್ಲಿರುವ ಹುಣಸೂರು ಇಂದು ಹೊರಗಿನವರ ಪಾಲಿಗೆ ಹೊಗೆಸೊಪ್ಪಿನ ಊರು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಮಾರುಕಟ್ಟೆಗಳು, ಹೊಲಗಳ ನಡುವೆ ನಿಂತ ತಂಬಾಕಿನ ಬ್ಯಾರನ್ನುಗಳು, ಅವುಗಳ ಒಲೆಗೆ ಹೋಗುವ ಸೌದೆಯ ಲಾರಿಗಳು, ಇವೇ ಈ ಸೀಮೆಯ ಗುರುತಾಗಿವೆ. ಇದೇ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಇಡೀ ದಕ್ಷಿಣ ಭಾರತದ ಸೈನ್ಯಗಳಿಗೆ ಎತ್ತು ಒದಗಿಸುತ್ತಿದ್ದ ಅಮೃತಮಹಲ್ ಇಲಾಖೆಯ ಕೇಂದ್ರಸ್ಥಾನವಾಗಿತ್ತೆಂಬುದು ಊರಿನವರಲ್ಲಿಯೇ ಅನೇಕರಿಗೆ ತಿಳಿಯದು. 1864ರವರೆಗೆ ಇಲ್ಲಿ ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ ಮತ್ತು ಗಾಡಿಗಳನ್ನು ತಯಾರಿಸುವ ಸರ್ಕಾರಿ ಕಾರ್ಖಾನೆಗಳಿದ್ದವು. ಅವು ಮುಚ್ಚಿದ ಮೇಲೂ ಬಹುಕಾಲ ಹುಣಸೂರಿನ ಗಾಡಿಗೆ ಒಳ್ಳೆಯ ಹೆಸರಿತ್ತು. ಗಾಡಿ ಹೋಯಿತು, ಎತ್ತು ಹೋಯಿತು. ಆ ಎತ್ತುಗಳು ಹುಟ್ಟಿ ಬೆಳೆದ ಕಾವಲುಗಳ ಹೆಸರು ಮಾತ್ರ ಹಳ್ಳಿಗಳ ಹೆಸರಿನ ಬಾಲದಲ್ಲಿ ಅಲ್ಲಲ್ಲಿ ಉಳಿದುಕೊಂಡಿದೆ.

ಅಮೃತಮಹಲ್ ಎಂದೊಡನೆ ಪರಿಸರಾಸಕ್ತರ ಮನಸ್ಸಿಗೆ ಎರಡು ಸಂಗತಿಗಳು ಬರುತ್ತವೆ. ಒಂದು, ನೀಳ ಕೋಡಿನ, ಬೂದು ಮೈಯ, ಚುರುಕು ಕಣ್ಣಿನ ಆ ತಳಿ. ಇನ್ನೊಂದು, ಚಿತ್ರದುರ್ಗ, ಚಿಕ್ಕಮಗಳೂರು, ಹಾಸನ, ತುಮಕೂರು ಜಿಲ್ಲೆಗಳಲ್ಲಿ ಚದುರಿಹೋಗಿರುವ ಕಾವಲುಗಳೆಂಬ ಹುಲ್ಲುಗಾವಲು. ತಳಿಯನ್ನು ಉಳಿಸಲು ಅಜ್ಜಂಪುರದಲ್ಲಿ ಸರ್ಕಾರಿ ಕೇಂದ್ರವಿದೆ. ಕಾವಲುಗಳನ್ನು ಉಳಿಸಲು ನ್ಯಾಯಾಲಯಗಳಲ್ಲಿ ಹೋರಾಟ ನಡೆದಿದೆ. ಆದರೆ ಇವೆರಡನ್ನೂ ಒಂದು ವ್ಯವಸ್ಥೆಯಾಗಿ ಕಟ್ಟಿದ್ದ ಮೂರನೆಯ ಅಂಗವೊಂದಿತ್ತು. ಅದು ಒಂದು ಕಾವಲಿನಿಂದ ಇನ್ನೊಂದಕ್ಕೆ ಹಿಂಡುಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಆ ದಾರಿಯ ಬಗ್ಗೆ ಯಾರೂ ಮೊಕದ್ದಮೆ ಹೂಡಿಲ್ಲ, ಯಾವ ಇಲಾಖೆಯೂ ಫಲಕ ನೆಟ್ಟಿಲ್ಲ. ಸದ್ದಿಲ್ಲದೆ ಅಳಿಯುತ್ತಿರುವುದು ಅದೇ.

ಈ ವ್ಯವಸ್ಥೆಯ ಮೂಲ ಹಳೆಯದು. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿದ್ದ ಹಳ್ಳಿಕಾರ್ ಹಸುಗಳ ಕರುಹಟ್ಟಿಯು ಮೈಸೂರು ಅರಸರ ಕೈಸೇರಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರು ಅದನ್ನು ಬೆಣ್ಣೆ ಚಾವಡಿ ಎಂಬ ಇಲಾಖೆಯಾಗಿಸಿ, ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಕಾವಲುಗಳನ್ನು ಅದಕ್ಕೆ ಬಿಟ್ಟುಕೊಟ್ಟರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಹೆಸರಿಗೆ ಕಾರಣ. ಸೇನೆಗೆ ಎತ್ತು ಒದಗಿಸುವುದು ಕ್ರಮೇಣ ಮುಖ್ಯವಾಯಿತು. ಹೈದರ್ ಅಲಿ ಆ ಹಿಂಡುಗಳನ್ನು ಹಿಗ್ಗಿಸಿದ. ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತಮಹಲ್ ಎಂಬ ಹೆಸರಿಟ್ಟು, ಸಾಕಣೆಯ ಕ್ರಮಗಳನ್ನು ಹುಕುಂನಾಮೆಯಾಗಿ ಹೊರಡಿಸಿದ. ಹೈದರನ ಸೇನೆ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಕ್ಷೀಣಿಸಿದವು. 1813ರಲ್ಲಿ ಮದ್ರಾಸು ಸೇನೆಯ ಕಮಿಸರಿಯಟ್ ಅಧಿಕಾರಿ ಕ್ಯಾಪ್ಟನ್ ಹಾರ್ವೆ ಅವುಗಳನ್ನು ವಹಿಸಿಕೊಂಡು ಮತ್ತೆ ಕಟ್ಟಿದ. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಮಿತವ್ಯಯದ ಹೆಸರಿನಲ್ಲಿ ಇಡೀ ಹಿಂಡನ್ನು ಮಾರಿಸಿದ. ಎತ್ತು ಸಿಗದೆ ತೊಂದರೆಯಾದಾಗ 1866ರಲ್ಲಿ ಇಲಾಖೆಯನ್ನು ಹೊಸದಾಗಿ ಆರಂಭಿಸಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ ಉಳಿತಾಯವೆಂದು ಕಂಡದ್ದು ನೆಲದ ಮೇಲೆ ನಷ್ಟವಾಗುವುದು ಹೊಸ ಅನುಭವವೇನಲ್ಲ.

ರಾಜರು, ಸೇನಾನಿಗಳ ಈ ಕಥೆ ಹಲವು ಪುಸ್ತಕಗಳಲ್ಲಿ ಬಂದಿದೆ. ಅದರ ಹಿಂದಿದ್ದ ಕೃಷಿವಿಜ್ಞಾನ ಅಷ್ಟು ಬರೆಹಕ್ಕೆ ಸಿಕ್ಕಿಲ್ಲ. ಅದನ್ನು ಕೊಂಚ ವಿವರವಾಗಿಯೇ ನೋಡಬೇಕು.

ಅಮೃತಮಹಲ್ ಕಾವಲುಗಳನ್ನು ಮೂರು ಬಗೆಯಾಗಿ ವಿಂಗಡಿಸಲಾಗಿತ್ತು: ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಗೆಯವು ನೆರಳು ಮತ್ತು ನೀರು ಇರುವ ಜಾಗಗಳು. ಕೆರೆಯ ನೀರು ಇಳಿಯುತ್ತ ಹೋದಂತೆ ಅಂಗಳದಲ್ಲಿ ಚಿಗುರುವ ಹಸಿ ಹುಲ್ಲು ಏಪ್ರಿಲ್ ತಿಂಗಳಿನಲ್ಲಿಯೂ ಹಿಂಡನ್ನು ಹಿಡಿದು ನಿಲ್ಲಿಸಬಲ್ಲದು. ಮಳೆಗಾಲಕ್ಕೆ ತೆರೆದ, ನೀರು ನಿಲ್ಲದ ಗರಸು ನೆಲ ಬೇಕು. ಅಲ್ಲಿ ಬೇಸಗೆಯಲ್ಲಿ ಹನಿ ನೀರಿಲ್ಲದಿದ್ದರೂ ಚಿಂತೆಯಿಲ್ಲ, ಏಕೆಂದರೆ ಬೇಸಗೆಯಲ್ಲಿ ಅಲ್ಲಿ ದನವೇ ಇರುವುದಿಲ್ಲ. ಹೀಗೆ ಯಾವುದೇ ಒಂದು ಕಾವಲು ತಾನಾಗಿ ವರ್ಷವಿಡೀ ಒಂದು ಹಿಂಡನ್ನು ಸಾಕಲಾರದು. ಮೂರು ಅಪೂರ್ಣ ಭೂಮಿಗಳನ್ನು ನಡಿಗೆಯಿಂದ ಹೊಲಿದು ಒಂದು ಪೂರ್ಣ ಮೇವಿನ ವರ್ಷವನ್ನು ಮಾಡಿಕೊಳ್ಳಲಾಗುತ್ತಿತ್ತು.

ಕರ್ನಾಟಕದ ಭೂಗೋಳ ಈ ಹೊಲಿಗೆಗೆ ಹೇಳಿ ಮಾಡಿಸಿದಂತಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಚಳ್ಳಕೆರೆಯಲ್ಲಿ 500ರ ಆಸುಪಾಸು. ದನದ ಕಾಲಿಗೆ ಕೆಲವೇ ದಿನಗಳ ನಡಿಗೆಯ ಅಂತರದಲ್ಲಿ ಮಲೆನಾಡಿನ ಅಂಚು, ಅರೆಮಲೆನಾಡು, ಬಯಲುಸೀಮೆಗಳು ಒಂದರ ಪಕ್ಕ ಒಂದು ಕೂತಿವೆ. ಒಂದೆಡೆ ಹುಲ್ಲು ಬಲಿತು ಒಣಗುವಾಗ ಇನ್ನೊಂದೆಡೆ ಚಿಗುರು ಹೊಡೆದಿರುತ್ತದೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಂತೂ ಒಂದೇ ತಾಲ್ಲೂಕಿನೊಳಗೆ ಪಶ್ಚಿಮದ ಕಾಡಿನಿಂದ ಪೂರ್ವದ ಒಣ ಹೊಲಗಳವರೆಗೆ ಈ ಎಲ್ಲ ಮೆಟ್ಟಿಲುಗಳನ್ನೂ ಹೊಂದಿವೆ.

ಹುಲ್ಲಿಗೆ ಬಿಡುವು ಬೇಕೆಂಬುದು ಇಂದಿನ ಮೇವುಶಾಸ್ತ್ರದ ಮೊದಲ ಪಾಠ. ಎಲೆಯನ್ನು ಮೇಯಿಸಿದ ಮೇಲೆ ಗಿಡ ತನ್ನ ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ಖರ್ಚುಮಾಡಿ ಮತ್ತೆ ಚಿಗುರುತ್ತದೆ. ಆ ಚಿಗುರನ್ನೂ ಕೂಡಲೇ ಮೇಯಿಸಿದರೆ ಬೇರು ಬಡವಾಗಿ, ಬಹುವಾರ್ಷಿಕ ಹುಲ್ಲು ಹೋಗಿ, ದನ ಮುಟ್ಟದ ಕಳೆ ಬಂದು ಕೂರುತ್ತದೆ. ಹಿಂಡು ತಿಂಗಳುಗಟ್ಟಲೆ ಬೇರೆಡೆ ಇದ್ದರೆ ಹುಲ್ಲು ತೆನೆಕಟ್ಟಿ ಬೀಜ ಉದುರಿಸಲು ಸಮಯ ಸಿಗುತ್ತದೆ. ಬಿಟ್ಟುಹೋದ ನೆಲದಲ್ಲಿ ಉಣ್ಣೆಯ ಮರಿಗಳೂ ಜಂತುಹುಳುವಿನ ಮರಿಗಳೂ ಆಶ್ರಯಕ್ಕೆ ದನವಿಲ್ಲದೆ ಬಹುಪಾಲು ಸಾಯುತ್ತವೆ; ಔಷಧಿಯಿಲ್ಲದ ಕಾಲದಲ್ಲಿ ಇದೇ ದೊಡ್ಡ ಔಷಧಿಯಾಗಿತ್ತು. ಇನ್ನು ತಳಿಯ ವಿಷಯ. ಅಮೃತಮಹಲಿನ ಹೆಸರಾದ ತಾಳ್ಮೆ, ಗಟ್ಟಿ ಗೊರಸು, ವೇಗದ ನಡಿಗೆ ಇವು ಕೊಟ್ಟಿಗೆಯಲ್ಲಿ ಬಂದ ಗುಣಗಳಲ್ಲ. ತಾಯಿಯ ಹಿಂದೆ ನಡೆಯಲಾರದ ಕರು ಹಿಂಡಿನಲ್ಲಿ ಉಳಿಯುತ್ತಿರಲಿಲ್ಲ. ತಲೆಮಾರುಗಳ ಕಾಲ ದಾರಿಯೇ ಆಯ್ಕೆ ಮಾಡುತ್ತ ಬಂದಿತು. ದಾರಿಯನ್ನು ತೆಗೆದು ತಳಿಯನ್ನು ಮಾತ್ರ ಬೇಲಿಯೊಳಗೆ ಉಳಿಸಿಕೊಂಡರೆ, ಕೋಡು ಮತ್ತು ಬಣ್ಣ ಉಳಿದಾವು. ಆ ತಳಿಯನ್ನು ಅದಾಗಿಸಿದ ಒತ್ತಡ ಉಳಿಯದು. ಅಜ್ಜಂಪುರ, ಬೀರೂರು, ಲಿಂಗದಹಳ್ಳಿ, ಬಾಸೂರು, ರಾಮಗಿರಿ ಮುಂತಾದ ಕೇಂದ್ರ-ಉಪಕೇಂದ್ರಗಳ ಸಿಬ್ಬಂದಿ ಕಷ್ಟದ ನಡುವೆ ಮಾಡುತ್ತಿರುವ ಕೆಲಸವನ್ನು ಇದು ಹಳಿಯುವ ಮಾತಲ್ಲ. ಅವರಿಗೆ ಒಪ್ಪಿಸಿರುವುದು ವ್ಯವಸ್ಥೆಯ ಒಂದು ತುಣುಕನ್ನು ಮಾತ್ರ.

ದಾರಿಯೊಂದಿಗೆ ಬೆಳೆದ ಸಂಸ್ಕೃತಿಯೂ ಸಣ್ಣದಲ್ಲ. ಊರ ಹೊರಗಿನ ಗೋಕಟ್ಟೆಗಳು, ಬಾವಿಯ ಬದಿಯ ಕಲ್ಲುಬಾನಿಗಳು, ದನ ಮೈಯುಜ್ಜಿಕೊಳ್ಳಲೆಂದು ನೆಟ್ಟ ಒರಟು ಕಂಬಗಳು, ಇವೆಲ್ಲ ಹಿಂಡು ಹಾದುಹೋಗುವುದನ್ನು ಊರು ಒಪ್ಪಿಕೊಂಡಿತ್ತೆಂಬುದಕ್ಕೆ ಸಾಕ್ಷಿ. ಹಳೆಯ ದಾರಿಗಳ ಬದಿಯಲ್ಲಿ ನಿಂತ ವೀರಗಲ್ಲುಗಳಲ್ಲಿ ತುರುಗೊಳ್ ಕಾಳಗದಲ್ಲಿ ಮಡಿದವರ ಕಲ್ಲುಗಳೂ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಸಾಲುಗಟ್ಟಿದ ದನಗಳನ್ನು ಕೆತ್ತಿರುತ್ತಾರೆ. ಹಿಂಡಿಗಾಗಿ ಪ್ರಾಣ ಕೊಟ್ಟವನು ವೀರನೆನಿಸಿಕೊಳ್ಳುತ್ತಿದ್ದ ಕಾಲ ಅದು. ಕಾಡುಗೊಲ್ಲರು ಗಣೆ ಊದಿ ಹಾಡುವ ಜುಂಜಪ್ಪನ ಕಾವ್ಯವಾಗಲಿ, ಮ್ಯಾಸಬೇಡರ ಗಾದ್ರಿಪಾಲನಾಯಕನ ಕಥೆಯಾಗಲಿ, ಹಟ್ಟಿ, ಮೇವು, ನೀರು ಮತ್ತು ನಡಿಗೆಗಳ ಕಾವ್ಯಗಳೇ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮ್ಯಾಸಬೇಡರು ದೇವರ ಎತ್ತುಗಳ ಹಿಂಡನ್ನು ಇಂದಿಗೂ ಕಿಲಾರಿಗಳ ಕೈಯಲ್ಲಿ ಕಾಯಿಸುತ್ತಾರೆ. ಆ ಎತ್ತುಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಮೇಯಲು ಜಾಗವೊಂದು ಬೇಕಷ್ಟೆ. ಅದೇ ಈಗ ದುರ್ಲಭ.

ಮೈಸೂರು ಸೀಮೆಯಲ್ಲಿ ದಾರಿಯ ನೆನಪನ್ನು ಜೀವಂತವಾಗಿ ಉಳಿಸಿರುವುದು ಜಾತ್ರೆಗಳು. ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ಧುಮುಕುವ ಜಾಗದ ಮೇಲ್ಗಡೆ, ಕೋದಂಡರಾಮನ ದೇಗುಲದ ಬಯಲಿನಲ್ಲಿ, ಸಂಕ್ರಾಂತಿಯ ಸುತ್ತಿನ ದಿನಗಳಲ್ಲಿ ನೆರೆಯುವ ದನಗಳ ಜಾತ್ರೆಗೆ ಉತ್ತರ ಕರ್ನಾಟಕದಿಂದಲೂ ಕೊಳ್ಳುವವರು ಬರುತ್ತಾರೆ. ಅಮೃತಮಹಲಿನ ಮೂಲವಾದ ಹಳ್ಳಿಕಾರ್ ಜೋಡಿಗಳು ಇಲ್ಲಿನ ಹೆಮ್ಮೆ. ಅಂಚೆ ಇಲಾಖೆ 2000ದಲ್ಲಿ ಭಾರತೀಯ ಗೋತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಹಳ್ಳಿಕಾರೂ ಅವುಗಳಲ್ಲಿ ಒಂದಾಗಿತ್ತು. ಲಾರಿಗಳು ಬರುವ ಮುನ್ನ ಜೋಡಿಗಳು ನಡೆದೇ ಜಾತ್ರೆಗೆ ಬರುತ್ತಿದ್ದವು, ಕೈಬದಲಾಗಿ ನಡೆದೇ ಹೋಗುತ್ತಿದ್ದವು. ಕೊಳ್ಳುವವನು ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ಎಲ್ಲಕ್ಕಿಂತ ಹೆಚ್ಚಾಗಿ ಎತ್ತು ನಡೆದು ಬಂದ ಬಗೆಯನ್ನು ನೋಡುತ್ತಿದ್ದ. ಬೆಟ್ಟದ ಸೀಮೆಗೆ ಈ ವಹಿವಾಟು ಅನ್ನದ ಪ್ರಶ್ನೆಯಾಗಿತ್ತು. ಮಳೆನಾಡಿನ ತೇವದಲ್ಲಿ ಗಟ್ಟಿ ಉಳುಮೆಯ ಎತ್ತುಗಳನ್ನು ಬೆಳೆಸುವುದು ಕಷ್ಟ. ಕೊಡಗಿನ, ಮಲೆನಾಡಿನ ಗದ್ದೆಗಳನ್ನು ಬಯಲಿನಿಂದ ಬಂದ ಜೋಡಿಗಳು ಉತ್ತವು. ದಾರಿ ಬಯಲಿನದ್ದು, ತಮಗೇನು ಎಂದು ಬೆಟ್ಟದವರು ಹೇಳುವಂತಿಲ್ಲ.

2022ರ ಕೊನೆಯಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನಗಳ ಜಾತ್ರೆ, ಸಂತೆ, ಸಾಗಣೆಗಳಿಗೆ ನಿಷೇಧ ಬಂತು. ಅದು ಅಗತ್ಯದ ಕ್ರಮವೇ ಆಗಿತ್ತು. ಆದರೆ ಟ್ರಾಕ್ಟರು ಮತ್ತು ಟಿಲ್ಲರುಗಳ ನಡುವೆ ಹೇಗೋ ಉಸಿರಾಡುತ್ತಿರುವ ಈ ಜಾತ್ರೆಗಳು ಒಂದು ವರ್ಷ ನಿಂತರೂ ಎಷ್ಟೋ ಮನೆಗಳ ಕೊಟ್ಟಿಗೆ ಮತ್ತೆ ತುಂಬುವುದಿಲ್ಲ.

ದಾರಿಗಳು ಕಳೆದುಹೋದದ್ದು ಒಂದೇ ಪೆಟ್ಟಿಗಲ್ಲ. ರೈಲು ಬಂದಂತೆ ಸೈನ್ಯಕ್ಕೆ ಎತ್ತು ಬೇಡವಾಯಿತು. ಸ್ವಾತಂತ್ರ್ಯಾನಂತರ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಕೂಗಿನಲ್ಲಿ ಕಾವಲುಗಳನ್ನು ಸಾಗುವಳಿಗೆ ಹಂಚಲಾಯಿತು. ಅರಣ್ಯ ಇಲಾಖೆಯ ಕಣ್ಣಿಗೆ ಮರವಿಲ್ಲದ ನೆಲವೆಲ್ಲ ಪಾಳುಭೂಮಿಯಾಗಿ ಕಂಡು, ಉಳಿದ ಹುಲ್ಲುಗಾವಲಿನ ಮೇಲೆ ನೀಲಗಿರಿ, ಅಕೇಶಿಯಾಗಳು ಎದ್ದವು. ಕೃಷ್ಣಮೃಗ, ತೋಳ, ಎರೆಭೂತಗಳು ಬದುಕುವುದು ಈ ಬಯಲಿನಲ್ಲಿಯೇ ಎಂಬ ಅರಿವು ತಡವಾಗಿ ಬಂತು. ಎರೆಭೂತ ಈಗ ರಾಜ್ಯದಲ್ಲಿ ಸಿರುಗುಪ್ಪದ ಸುತ್ತಮುತ್ತ ಬೆರಳೆಣಿಕೆಗೆ ಇಳಿದಿದೆ. 2011ರಲ್ಲಿ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲೆಂದು ಘೋಷಿಸಿದ್ದು ಆ ತಡವಾದ ಅರಿವಿನ ಒಳ್ಳೆಯ ಫಲ.

ದೊಡ್ಡ ಪೆಟ್ಟು ಬಿದ್ದದ್ದು ಚಳ್ಳಕೆರೆಯಲ್ಲಿ. 2007ರಿಂದ 2010ರ ನಡುವೆ ಅಲ್ಲಿನ ವರವು, ಖುದಾಪುರ, ಉಳ್ಳಾರ್ತಿ ಮುಂತಾದ ಕಾವಲುಗಳ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಇತರರಿಗೂ ಹಂಚಲಾಯಿತು. ಮೇಯಿಸುವ ಹಳ್ಳಿಗಳಿಗೆ ವಿಷಯ ತಿಳಿಯುವ ಹೊತ್ತಿಗೆ ಗೋಡೆಗಳು ಏಳತೊಡಗಿದ್ದವು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. 2014ರಲ್ಲಿ ತೀರ್ಪು ಬಂದ ಮೇಲೂ ಸಂಸ್ಥೆಗಳು ಅಲ್ಲೇ ಉಳಿದವು. ದೇಶದ ಶ್ರೇಷ್ಠ ವಿಜ್ಞಾನಿಗಳಿಗೆ ಖಾಲಿಯೆಂದು ತೋರಿಸಲಾದ ಆ ನೆಲ ಎಂದೂ ಖಾಲಿಯಿರಲಿಲ್ಲ. ಒಂದು ಋತುವಿನಲ್ಲಿ ದನವಿಲ್ಲದಿರುವುದೇ ಕಾವಲಿನ ಲಕ್ಷಣವೆಂಬುದನ್ನು ಅರಿಯದವರು ಅದನ್ನು ಖಾಲಿಯೆಂದು ಓದಿದರು. ಆ ಹೋರಾಟ ಕೂಡ ಕಾವಲುಗಳ ಎಕರೆಯ ಬಗ್ಗೆಯೇ ನಡೆಯಿತು. ಎರಡು ಕಾವಲುಗಳ ನಡುವಣ ದಾರಿ ಗೋಡೆಯ ಹಿಂದೆ ಹೋದರೆ, ಉಳಿದ ಕಾವಲೂ ಅರ್ಧ ಸತ್ತಂತೆ ಎಂಬ ಮಾತು ಯಾವ ಕಡತಕ್ಕೂ ಸರಿಯಾಗಿ ಏರಲಿಲ್ಲ.

ದಾರಿಯ ಪರವಾಗಿ ಮಾತನಾಡುವವರು ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಮೊದಲನೆಯದು ಕಾಡಿನ ಪರವಾದದ್ದು. ನಾಗರಹೊಳೆ, ಬಂಡೀಪುರಗಳ ಅಂಚಿನಲ್ಲಿ ದನಗಳ ಓಡಾಟದಿಂದ ಕಾಡುಪ್ರಾಣಿಗಳಿಗೆ ರೋಗ ತಗುಲಿದ್ದು ಸುಳ್ಳಲ್ಲ. ಹಳ್ಳಿಗಳು ದೊಡ್ಡರೋಗವೆಂದು ಕರೆದ ರಿಂಡರ್‌ಪೆಸ್ಟ್ 1968ರಲ್ಲಿ ಬಂಡೀಪುರ ಪ್ರದೇಶದ ಕಾಟಿಗಳನ್ನು ಬಹುತೇಕ ಬರಿದು ಮಾಡಿತು. ಆ ರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾದರೂ ಕಾಲುಬಾಯಿ ಜ್ವರ ಹೋಗಿಲ್ಲ. ಹುಲಿಯ ನೆಲೆಯ ಒಡಲಿನೊಳಗೆ ಮತ್ತೆ ಸಾವಿರಾರು ದನ ನುಗ್ಗಿಸಬೇಕೆಂದು ಯಾರೂ ವಾದಿಸಬೇಕಿಲ್ಲ. ಕಾಡಿನ ಹೊರಗಿನ ದಾರಿಗಳು ಮುಚ್ಚಿದ್ದರಿಂದಲೇ ಕಾಡಂಚಿನ ಹಳ್ಳಿಯ ದನ ಬೇರೆಡೆ ಹೋಗಲಾರದೆ ವರ್ಷವಿಡೀ ಅದೇ ಅಂಚನ್ನು ಕೆರೆಯುತ್ತಿದೆ ಎಂಬುದನ್ನು ಗಮನಿಸಬೇಕು. ಹಿಂಡಿಗೆ ಹೊರಗೆ ದಾರಿಯಿದ್ದರೆ ಕಾಡಿನ ಮೇಲಿನ ಭಾರ ಇಳಿಯುತ್ತದೆ. ಲಸಿಕೆ ಹಾಕಿಸಿದ ಹಿಂಡನ್ನು ಗೊತ್ತಾದ ದಾರಿಯಲ್ಲಿ, ಗೊತ್ತಾದ ತಿಂಗಳಲ್ಲಿ ನಡೆಸುವುದು ರೋಗದ ಮೇಲೆ ನಿಗಾ ಇಡುವವರಿಗೂ ಅನುಕೂಲವೇ.

ಎರಡನೆಯ ಆಕ್ಷೇಪ ಹೆಚ್ಚು ನೋವಿನದು. ಓಣಿಯನ್ನು, ಗೋಮಾಳವನ್ನು ಒತ್ತುವರಿ ಮಾಡಿದವರೆಲ್ಲ ಭೂಮಾಲೀಕರಲ್ಲ. ಅರ್ಧ ಎಕರೆ ರಾಗಿಗಾಗಿ ನೆಲ ಹಿಡಿದ ಭೂಹೀನರೂ ಅವರಲ್ಲಿದ್ದಾರೆ. ಬಗರ್‌ಹುಕುಂ ಸಕ್ರಮದ ಅರ್ಜಿ ಹಿಡಿದು ದಶಕಗಳಿಂದ ತಾಲ್ಲೂಕು ಕಚೇರಿ ಸುತ್ತುತ್ತಿರುವ ಅಂಥವರನ್ನು ದನದ ಹೆಸರಿನಲ್ಲಿ ಎಬ್ಬಿಸುವುದು ಪರಿಸರ ಚಳವಳಿಯ ಕೆಲಸವಾಗಬಾರದು. ಆದರೆ ಓಣಿಯ ಅಗಲ ಕೆಲವು ಗಜ. ಅದನ್ನು ನುಂಗಿದ ಹೊಲಗಳಲ್ಲಿ ತಂಬಾಕು, ಶುಂಠಿಗೆ ಗುತ್ತಿಗೆ ಕೊಟ್ಟ ದೊಡ್ಡ ಹಿಡುವಳಿಗಳು ಎಷ್ಟು, ಬಡವನ ರಾಗಿ ಎಷ್ಟು ಎಂಬುದನ್ನು ಹಳ್ಳಿ ಹಳ್ಳಿಯಲ್ಲಿ ಕೂತು ನೋಡಿದರೆ ಜಗಳದ ಬಹುಪಾಲು ತಾನಾಗಿ ಬಗೆಹರಿದೀತು. ಹೊಲಕ್ಕೆ ಹೋಗಲು ದಾರಿಯಿಲ್ಲದೆ ಅಕ್ಕಪಕ್ಕದವರ ಕಾಲು ಹಿಡಿಯುವವನೂ ಆ ಸಣ್ಣ ಹಿಡುವಳಿದಾರನೇ.

ಹೊರಗಿನ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಶ್ರೀರಂಗಪಟ್ಟಣದಲ್ಲಿ ಅಮೃತಮಹಲ್ ಎತ್ತುಗಳ ಬಲ ಕಂಡಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ಸೇನೆಯ ವಿರುದ್ಧ ಹೋರಾಡುವಾಗ ಮೈಸೂರಿನ ಎತ್ತುಗಳಿಲ್ಲದ್ದಕ್ಕೆ ಹಲುಬಿದನೆಂದು ಚರಿತ್ರಕಾರರು ಬರೆದಿದ್ದಾರೆ. ಅದೇ ಸ್ಪೇನಿನಲ್ಲಿ ಕುರಿ-ದನಗಳ ಋತುಮಾನದ ದಾರಿಗಳಿಗೆ ಮಧ್ಯಯುಗದಿಂದ ಕಾನೂನಿನ ರಕ್ಷಣೆಯಿತ್ತು. 1273ರಲ್ಲಿ ಹತ್ತನೆಯ ಅಲ್ಫಾನ್ಸೋ ದೊರೆ ಪಶುಪಾಲಕರ ಸಂಘಕ್ಕೆ ಸನ್ನದು ಕೊಟ್ಟ. ಆ ಸಂಘ ಅಳಿಯಿತು, ದಾರಿಗಳು ಒತ್ತುವರಿಯಾದವು, ಥೇಟು ಇಲ್ಲಿನಂತೆಯೇ. ಆದರೆ 1995ರಲ್ಲಿ ಆ ದೇಶ ಹೊಸ ಕಾಯಿದೆ ಮಾಡಿ, ಸುಮಾರು 1,25,000 ಕಿಲೋಮೀಟರುಗಳ ಆ ಜಾಲ ಸಾರ್ವಜನಿಕ ಆಸ್ತಿ, ಅದನ್ನು ಪರಭಾರೆ ಮಾಡುವಂತಿಲ್ಲ, ಎಷ್ಟು ವರ್ಷ ಸ್ವಾಧೀನದಲ್ಲಿಟ್ಟುಕೊಂಡರೂ ಅದು ಒತ್ತುವರಿದಾರನದಾಗುವುದಿಲ್ಲ ಎಂದು ಸಾರಿತು. ದೊಡ್ಡ ದಾರಿಯ ಅಗಲ 75 ಮೀಟರಿನವರೆಗೆ ಎಂದೂ ಬರೆಯಿತು. ಅದಕ್ಕೂ ಒಂದು ವರ್ಷ ಮೊದಲು, 1994ರಲ್ಲಿ, ಕುರಿಗಾಹಿಗಳು ತಮ್ಮ ಹಿಂಡನ್ನು ರಾಜಧಾನಿ ಮ್ಯಾಡ್ರಿಡ್ಡಿನ ನಡುಬೀದಿಯಲ್ಲಿ ನಡೆಸತೊಡಗಿದ್ದರು. 1418ರ ಒಪ್ಪಂದದಂತೆ ನಗರಕ್ಕೆ ಹಳೆಯ ನಾಣ್ಯದ ಸುಂಕ ಕಟ್ಟಿ ದಾಟುವ ಆ ಪದ್ಧತಿ ವರ್ಷವರ್ಷ ಮುಂದುವರಿದಿದೆ. ಅಲ್ಲಿ ದಾರಿ ಉಳಿದದ್ದು ಯಾರೋ ಮೊದಲು ಅದನ್ನು ನಕಾಶೆಯಲ್ಲಿ ಗುರುತಿಸಿ ಎಣಿಸಿದ್ದರಿಂದ.

ಕರ್ನಾಟಕದಲ್ಲಿ ಆ ಎಣಿಕೆಗೆ ಬೇಕಾದ ಕಾಗದ ಇಲ್ಲವೆಂದೇನಿಲ್ಲ. ಭೂಕಂದಾಯ ಕಾಯಿದೆ 1964ರ 67ನೆಯ ಪ್ರಕರಣ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳನ್ನು ಸರ್ಕಾರದ ಸ್ವತ್ತೆಂದು ಹೇಳುತ್ತದೆ. ಸರ್ವೆ ದಾಖಲೆಯಲ್ಲಿ ಇಂಥ ನೆಲ ‘ಬ’ ಖರಾಬು ಎಂದು ದಾಖಲಾಗಿರುತ್ತದೆ. ಸಾಗುವಳಿಗೆ ಯೋಗ್ಯವಲ್ಲದ ‘ಅ’ ಖರಾಬು ಬೇರೆ. ಸಾರ್ವಜನಿಕ ಉಪಯೋಗಕ್ಕೆ ಕಾದಿರಿಸಿದ ‘ಬ’ ಖರಾಬು ಬೇರೆ. ಪಹಣಿಯಲ್ಲಿ ಅದು ಯಾರ ಸರ್ವೆ ನಂಬರಿನೊಳಗೆ ಬಿದ್ದಿದ್ದರೂ ಅವರ ಸ್ವತ್ತಾಗುವುದಿಲ್ಲ. ಇದೇ ಕಾಯಿದೆಯ ನಿಯಮಗಳಲ್ಲಿ ಪ್ರತಿ 100 ದನಗಳಿಗೆ 30 ಎಕರೆ ಗೋಮಾಳ ಬಿಡಬೇಕೆಂದೂ ಇದೆ. ಎಷ್ಟು ಹಳ್ಳಿಗಳಲ್ಲಿ ಆ ಲೆಕ್ಕ ಹಾಕುತ್ತಾರೆಂದು ಕೇಳದಿರುವುದೇ ಲೇಸು. ಇವುಗಳ ಜೊತೆಗೆ 2006ರ ಅರಣ್ಯಹಕ್ಕು ಕಾಯಿದೆ, ಅರಣ್ಯಭೂಮಿಯಲ್ಲಿ ಮೇಯಿಸುವ ಹಕ್ಕನ್ನು ನೆಲೆನಿಂತವರಿಗೂ ಋತುಮಾನಕ್ಕೆ ತಕ್ಕಂತೆ ವಲಸೆ ಹೋಗುವ ಪಶುಪಾಲಕರಿಗೂ ಸಮುದಾಯದ ಹಕ್ಕಾಗಿ ಒಪ್ಪಿಕೊಂಡಿದೆ. ಆ ಹಕ್ಕಿನ ಅರ್ಜಿ ಗ್ರಾಮಸಭೆಯಿಂದ ಹೊರಡಬೇಕು. ನೆಲೆನಿಂತವರು ಅರ್ಜಿ ಹಾಕುವಾಗ ನಡೆಯುವವರನ್ನು ಕರೆಯುವ ರೂಢಿ ಇನ್ನೂ ಬೆಳೆದಿಲ್ಲ.

ನಡೆಯುವವರು ಮಾತ್ರ ಇನ್ನೂ ಇದ್ದಾರೆ. ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕುರುಬರು ಕುರಿಹಿಂಡು ಹೊಡೆದುಕೊಂಡು ದಕ್ಷಿಣಕ್ಕೆ, ಪಶ್ಚಿಮಕ್ಕೆ ಬರುತ್ತಾರೆ. ರೈತರು ದವಸವನ್ನೋ ಹಣವನ್ನೋ ಕೊಟ್ಟು ಹೊಲದಲ್ಲಿ ಮಂದೆ ತರುಬಿಸುತ್ತಾರೆ. ಒಂದು ರಾತ್ರಿಯ ಗೊಬ್ಬರ, ಮೂತ್ರ, ಗೊರಸಿನ ತುಳಿತ ಮೂರೂ ಹೊಲಕ್ಕೆ ಸಿಗುತ್ತವೆ. ಅವರ ಹಿಂಡು ಈಗ ನಡೆಯುವುದು ಡಾಂಬರು ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಹಾರನ್ನಿನ ನಡುವೆ. ಅವರ ಹಳೆಯ ಓಣಿ ಪಕ್ಕದಲ್ಲಿಯೇ, ಯಾರದೋ ತಂತಿಬೇಲಿಯೊಳಗೆ, ಕತ್ತಾಳೆ ಮತ್ತು ಕಳ್ಳಿಯ ಎರಡು ಸಾಲುಗಳ ನಡುವೆ ಬಿದ್ದಿರುತ್ತದೆ. ಹೊಲದ ನಡುವೆ ಕಾರಣವಿಲ್ಲದೆ ಸಮಾನಾಂತರವಾಗಿ ಸಾಗುವ ಎರಡು ಬೇಲಿಗಳನ್ನು ಕಂಡರೆ ಅದು ಬಹುಪಾಲು ಹಳೆಯ ಓಣಿಯೇ.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಅಂಥ ವರ್ಷಗಳಿಗೆ ವಿಚಾರಸಂಕಿರಣಗಳು ತಾವಾಗಿ ಬರುತ್ತವೆ. ಅವುಗಳಿಗೆ ಈ ಪತ್ರಿಕೆಯ ಪ್ರೋತ್ಸಾಹ ಬೇಕಿಲ್ಲ. ಬೇಕಿರುವುದು ಸಣ್ಣ ಕೆಲಸ, ಮತ್ತು ಅದಕ್ಕೆ ಕಾಲ ಹೆಚ್ಚಿಲ್ಲ. ರಾಜ್ಯದಲ್ಲಿ ಡ್ರೋನ್ ಮೂಲಕ ಮರುಭೂಮಾಪನ ನಡೆಯುತ್ತಿದೆ. ಆಕಾಶದಿಂದ ತೆಗೆದ ಚಿತ್ರ ಇಂದು ನೆಲದಲ್ಲಿರುವ ಬೇಲಿಯನ್ನು ತೋರುತ್ತದೆ. ಒಂದು ಕಾಲದಲ್ಲಿ ಅಲ್ಲಿ ನಡೆಯುತ್ತಿದ್ದ ಹಿಂಡನ್ನು ತೋರುವುದಿಲ್ಲ. ಹಳೆಯ ನಕಾಶೆಯನ್ನು ಪಕ್ಕದಲ್ಲಿಟ್ಟು ತಕರಾರು ಎತ್ತುವವರು ಊರಿನಲ್ಲಿ ಇಲ್ಲದಿದ್ದರೆ ಬೇಲಿಯೇ ಗಡಿಯಾಗಿಬಿಡುವ ಭಯವಿದೆ.

ಗ್ರಾಮ ನಕಾಶೆಯ ಪ್ರತಿಯನ್ನು ಭೂದಾಖಲೆಗಳ ಇಲಾಖೆಯಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಅದನ್ನು ಹಿಡಿದು ದನ ಕಾದು ಬೆಳೆದ ಹಿರಿಯರೊಬ್ಬರ ಜೊತೆ ಅರ್ಧ ದಿನ ಸುತ್ತಿದರೆ, ಗೋಕಟ್ಟೆ ಯಾವ ಸರ್ವೆ ನಂಬರಿನಲ್ಲಿತ್ತು, ಬೇಸಗೆಯಲ್ಲಿ ಹಿಂಡು ಯಾವ ಕಡೆಯಿಂದ ಇಳಿಯುತ್ತಿತ್ತು, ವೀರಗಲ್ಲು ಯಾವ ತಿರುವಿನಲ್ಲಿ ನಿಂತಿದೆ ಎಂಬುದು ಕಾಗದಕ್ಕೆ ಬರುತ್ತದೆ. ಹುಣಸೂರಿನಿಂದ ಕಡೂರಿನವರೆಗೆ ದಾರಿಯುದ್ದಕ್ಕೂ ಹಳ್ಳಿಗಳು ತಮ್ಮ ತಮ್ಮ ತುಣುಕನ್ನು ಹೀಗೆ ಗುರುತಿಸಿ ಗ್ರಾಮಸಭೆಯ ಠರಾವಿನಲ್ಲಿ ದಾಖಲಿಸಿದರೆ, ಅವುಗಳನ್ನು ಜೋಡಿಸಿ ಇಡಿಯ ಜಾಲವನ್ನು ಮೇಜಿನ ಮೇಲೆ ಹರಡುವುದು ಕಷ್ಟದ ಕೆಲಸವಲ್ಲ. ನಕಾಶೆಯಲ್ಲಿ ಎರಡು ಸಾಲು ಚುಕ್ಕೆಯಿದ್ದರೆ ಅದು ಬಂಡಿದಾರಿ, ಒಂದೇ ಸಾಲಿದ್ದರೆ ಕಾಲುದಾರಿ. ಹಳೆಯ ನೀಲಿ ಪ್ರತಿಗಳಲ್ಲಿ ಚುಕ್ಕೆಗಳು ಮಾಸಿರುತ್ತವೆ. ಬಿಸಿಲಿಗೆ ಹಿಡಿದು ನೋಡಿದರೆ ಕಾಣುತ್ತವೆ.